ಎದೆಬಡಿತಕ್ಕೊಂದು ಬೆಲ್ಟ್ ಹೊಲಿದದ್ದು

ಸಂಕ್ರಾಂತಿ ಕಳೆದ ವಾರ ಅದು. ಮದುವೆ ಬ್ಲೌಸುಗಳು ಅಂಗಡಿ ತುಂಬ ಬಿದ್ದಿದ್ದವು. ಕಟಿಂಗ್ ಟೇಬಲ್ ಮೇಲೆ ಕತ್ತರಿ ಇಡೋಕೂ ಜಾಗ ಇರಲಿಲ್ಲ. ಅಂಥ ಹೊತ್ತಲ್ಲಿ ಅಕ್ಕನ ಮಗಳು ಪುಟ್ಟಿ ಬಂದು ಒಂದು ಸಣ್ಣ ರೀಲು ನನ್ನ ಕೈಗಿಟ್ಟಳು.

"ಇದರಲ್ಲಿ ಮಷೀನ್ ಹೊಲಿಗೆ ಹಾಕೋಕೆ ಆಗುತ್ತಾ ಚಿಕ್ಕಮ್ಮ?"

ಬೂದು ಬಣ್ಣದ ದಾರ. ಬೆರಳಲ್ಲಿ ತೀಡಿದರೆ ಸ್ವಲ್ಪ ಗರಗರ. ರೀಲು ಚಿಕ್ಕದಾದರೂ ಕೈಗೆ ಭಾರ. ಅಭ್ಯಾಸಬಲದಿಂದ ತುದಿಯನ್ನು ಹಲ್ಲಿನಲ್ಲಿ ಕಚ್ಚಿದೆ. ತುಂಡಾಗಲಿಲ್ಲ. ಮೈಸೂರಿನ ಅಗ್ರಹಾರದ ಹತ್ತಿರ 26 ವರ್ಷದಿಂದ ಲೇಡೀಸ್ ಟೈಲರಿಂಗ್ ಮಾಡ್ತಿದ್ದೀನಿ, ನನ್ನ ಹಲ್ಲಿಗೆ ಬಗ್ಗದ ದಾರ ಅದೇ ಮೊದಲು.

"ಅದು ಸ್ಟೀಲು. ಕಚ್ಚಬೇಡಿ" ಅಂತ ನಕ್ಕಳು.

ಅವಳದು ಇಂಜಿನಿಯರಿಂಗ್ ಕೊನೆ ವರ್ಷ, ಎಲೆಕ್ಟ್ರಾನಿಕ್ಸ್. ನಾಲ್ಕು ಜನ ಸೇರಿ ಪ್ರಾಜೆಕ್ಟ್ ಮಾಡಬೇಕು. ಎದೆಗೆ ಕಟ್ಟಿಕೊಳ್ಳುವ ಬಟ್ಟೆಯೇ ಎದೆಬಡಿತ ಓದಬೇಕು, ಮೈಗೆ ಸ್ಟಿಕ್ಕರ್ ಇಲ್ಲ, ನೇತಾಡುವ ವೈರ್ ಇಲ್ಲ, ವೈರಿನ ಬದಲು ಈ ಸ್ಟೀಲ್ ದಾರದ ಹೊಲಿಗೆ. ಅದು ಅವರ ಐಡಿಯಾ. ಗುಂಪಿನಲ್ಲಿದ್ದ ಮೂವರು ಹುಡುಗರು ಪ್ರೋಗ್ರಾಂ ಬರೆಯುವುದು, ರಿಪೋರ್ಟ್ ಬರೆಯುವುದು ಅಂತ ಕೆಲಸ ಹಂಚಿಕೊಂಡು, ಹೊಲಿಗೆ ಮಾತ್ರ ಇವಳ ತಲೆಗೆ ಕಟ್ಟಿದ್ದರು. ಹುಡುಗಿ ಅಲ್ವಾ! ಇವಳೋ, ಬಿದ್ದುಹೋದ ಗುಂಡಿ ಹಾಕಿಸಿಕೊಳ್ಳೋಕೂ ನನ್ನ ಹತ್ತಿರವೇ ಬರುವವಳು.

ಸೀಸನ್ ಮುಗಿದ ಮೇಲೆ ಬಾ ಅಂತ ಬೇರೆಯವರಿಗಾದರೆ ಹೇಳಿ ಕಳಿಸುತ್ತಿದ್ದೆ. ಹೇಳಲಿಲ್ಲ. ಅದಕ್ಕೆ ನಮ್ಮ ಮನೆಯವರ ಕಾರಣ ಇತ್ತು.

ಅದಕ್ಕೆ ಹಿಂದಿನ ದೀಪಾವಳಿ ಸುಮಾರಿಗೆ ಅವರಿಗೆ ಎದೆ ಡವಡವ ಅನ್ನೋಕೆ ಶುರುವಾಗಿತ್ತು. ಸುಮ್ನೆ ಕೂತಿದ್ದಾಗಲೂ ಒಂದು ಬಡಿತ ತಪ್ಪಿದ ಹಾಗೆ ಆಗೋದು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಎಲ್ಲ ಸರಿ. ಡಾಕ್ಟರ ಮುಂದೆ ಮಲಗಿದ ಆ ಅರ್ಧ ನಿಮಿಷದಲ್ಲಿ ತಪ್ಪಬೇಕಲ್ಲ ಆ ಬಡಿತ! ಅದಕ್ಕೇ ಹೋಲ್ಟರ್ ಹಾಕಿದರು, ಇಡೀ ದಿನದ ಬಡಿತ ಬರೆದಿಡುವ ಮಷೀನು. ಎದೆಯ ಕೂದಲು ಬೋಳಿಸಿ, ಸ್ಟಿಕ್ಕರ್ ಅಂಟಿಸಿ, ಅವಕ್ಕೆ ವೈರ್ ಸಿಕ್ಕಿಸಿ, ಸೊಂಟಕ್ಕೊಂದು ಪುಟ್ಟ ಪೆಟ್ಟಿಗೆ ಕಟ್ಟಿ ಕಳಿಸಿದರು. 24 ಗಂಟೆ ಸ್ನಾನ ಇಲ್ಲ. ಏನು ಮಾಡಿದಿರಿ, ಯಾವಾಗ ಎದೆ ಹೊಡೆದುಕೊಂಡಿತು ಅಂತ ಚೀಟಿಯಲ್ಲಿ ಬರೆದಿಡಬೇಕು. ಬಸ್ಸಿನ ನೂಕುನುಗ್ಗಲಿಗೆ, ಬೆವರಿಗೆ ಒಂದು ಸ್ಟಿಕ್ಕರ್ ಎದ್ದಿತು. ರಾತ್ರಿ ಮಗ್ಗುಲು ಬದಲಾಯಿಸುವಾಗ ಇನ್ನೊಂದು. ಮಾರನೇ ದಿನ ಪೆಟ್ಟಿಗೆ ವಾಪಸ್ ಕೊಟ್ಟರೆ, ರೆಕಾರ್ಡಿಂಗ್ ಅರ್ಧಕ್ಕರ್ಧ ಹಾಳಾಗಿದೆ, ಮತ್ತೆ ಹಾಕಿಸಿಕೊಳ್ಳಿ ಅಂದರು. ಮತ್ತೆ ಫೀಸು. ಎರಡನೇ ಸಲ ಏನೋ ಸಿಕ್ಕಿತು. ಆಗೊಂದು ಈಗೊಂದು ಬಡಿತ ಮುಂಚೆಯೇ ಬಂದುಬಿಡುತ್ತೆ, ಅಪಾಯ ಇಲ್ಲ, ಕಾಫಿ ಕಡಿಮೆ ಮಾಡಿ ಅಂದರು. ಇವರು ಕಾಫಿ ಕಡಿಮೆ ಮಾಡಲಿಲ್ಲ, ಅದು ಬೇರೆ ಮಾತು. ಆದರೆ ಸ್ಟಿಕ್ಕರ್ ಅಂಟಿದ್ದ ಕಡೆ ಚರ್ಮ ಕೆಂಪಗಾಗಿ ಹದಿನೈದು ದಿನ ತುರಿಸಿಕೊಂಡರು.

ಆ ಸ್ಟಿಕ್ಕರ್ ಕಿತ್ತು ಎಸೆಯುವಾಗ ನಾನೊಂದು ನೋಡಿದ್ದೆ. ಅದರ ನಡುವೆ ಇದ್ದದ್ದು ನಮ್ಮ ಟಿಚ್ ಬಟನ್! ಮಕ್ಕಳ ಫ್ರಾಕಿಗೆ, ನೈಟಿಗೆ ಹಾಕ್ತೀವಲ್ಲ, ಅದೇ ಗಂಡು ಬಟನ್. ವೈರಿನ ತುದಿಯಲ್ಲಿ ಹೆಣ್ಣು ಬಟನ್. ಟಕ್ ಅಂತ ಸಿಕ್ಕಿಸುವುದು, ಟಕ್ ಅಂತ ಕೀಳುವುದು. ಲಕ್ಷಗಟ್ಟಲೆ ಬೆಲೆಯ ಮಷೀನಿಗೂ ನನ್ನ ಡಬ್ಬಿಯಲ್ಲಿರುವ ಬಟನ್ನೇ ಗತಿಯಾ ಅಂತ ಅವತ್ತು ನಗು ಬಂದಿತ್ತು. ಪುಟ್ಟಿಗೆ ಇದನ್ನು ಹೇಳಿದಾಗ ಅವಳ ಮುಖ ಅರಳಿತು. "ಹಾಗಾದ್ರೆ ಅದನ್ನೇ ಹಾಕೋಣ ಚಿಕ್ಕಮ್ಮ!" ಅಂದಳು. ಕೆಲಸ ಶುರುವಾಯಿತು.

ಮೊದಲ ದಿನ ಸ್ಟೀಲ್ ದಾರವನ್ನು ಸೂಜಿಗೆ ಪೋಣಿಸಿದೆ. ತಪ್ಪು ಮಾಡಿದೆ. ನಾಲ್ಕು ಬೆರಳು ಹೊಲಿಯುವಷ್ಟರಲ್ಲಿ ಸೂಜಿಯ ಕಣ್ಣಲ್ಲಿ ದಾರ ಬಿಚ್ಚಿಕೊಂಡು ಹತ್ತಿ ಸಿಡಿದ ಹಾಗಾಯಿತು. ಮೇಲಿನ ದಾರ ಅಂದರೆ ಟೆನ್ಷನ್ ಬಿಲ್ಲೆ ದಾಟಿ, ಸೂಜಿ ಕಣ್ಣಲ್ಲಿ ಎಷ್ಟೋ ಸಲ ಹಿಂದೆ ಮುಂದೆ ಎಳೆದಾಡಿ ಆಮೇಲೆ ಬಟ್ಟೆಗೆ ಇಳಿಯುತ್ತೆ. ಅಷ್ಟು ಉಜ್ಜಿದರೆ ಸಣ್ಣ ಸ್ಟೀಲ್ ಎಳೆಗಳು ತಡೆಯುವುದಿಲ್ಲ. ಜರಿ ದಾರದಲ್ಲಿ ಮಷೀನ್ ಎಂಬ್ರಾಯಿಡರಿ ಮಾಡಿದವರಿಗೆ ಈ ಗೋಳು ಗೊತ್ತು. ಅದಕ್ಕೆ ನಮ್ಮಲ್ಲಿ ಒಂದು ಉಪಾಯ ಇದೆ: ಒರಟು ದಾರವನ್ನು ಬಾಬಿನ್‌ಗೆ ಸುತ್ತಿ, ಬಟ್ಟೆ ಉಲ್ಟಾ ಹಾಕಿ ಹೊಲಿಯುವುದು. ಸ್ಟೀಲನ್ನು ಕೈಯಲ್ಲೇ ನಿಧಾನವಾಗಿ ಬಾಬಿನ್‌ಗೆ ಸುತ್ತಿದೆ. ಬಾಬಿನ್ ಕೇಸಿನ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿದೆ. ಮೇಲೆ ಮಾಮೂಲಿ ಪಾಲಿಯೆಸ್ಟರ್ ದಾರ. ಈ ಸಲ ಹೊಲಿಗೆ ನೀರು ಹರಿದಂತೆ ಓಡಿತು.

ಕರೆಂಟಿಗೆ ಎಷ್ಟು ಅಡ್ಡಿ ಇದೆ ಅಂತ ಪುಟ್ಟಿ ಮಲ್ಟಿಮೀಟರ್ ಹಿಡಿದು ಅಳೆದಳು. ಒಂದು ಅಡಿ ಹೊಲಿಗೆಗೆ ಹದಿನೈದು ಓಮ್ ಆಸುಪಾಸು. "ಇಷ್ಟು ಸಾಕು, ಸೂಪರ್" ಅಂದಳು. ಆಮೇಲೆ ಎಲಾಸ್ಟಿಕ್ಕನ್ನು ಎಳೆದು ನೋಡಿದಳು. ಟಪ್! ನೇರ ಹೊಲಿಗೆ ಎಲಾಸ್ಟಿಕ್ ಜೊತೆ ಹಿಗ್ಗುವುದಿಲ್ಲ, ಸ್ಟೀಲಂತೂ ಹಿಗ್ಗುವುದೇ ಇಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಪಿಕೋ ಮಾಡುವ ಜಿಗ್‌ಜಾಗ್ ಮಷೀನಿಗೆ ಹಾಕಿದೆ. ಹಾವಿನ ಹಾಗೆ ಹೋದ ಹೊಲಿಗೆ, ಎಳೆದರೆ ನೆಟ್ಟಗಾಗುತ್ತೆ, ಬಿಟ್ಟರೆ ಮತ್ತೆ ಮಡಿಚಿಕೊಳ್ಳುತ್ತೆ. ಕರೆಂಟ್ ಕಡಿಯಲಿಲ್ಲ.

ಇನ್ನೊಂದು ತಲೆನೋವು ತುದಿಗಳದ್ದು. ಕತ್ತರಿಸಿದ ಕಡೆ ಸ್ಟೀಲಿನ ಮೀಸೆ ಏಳುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಮೀಸೆ ಪಕ್ಕದ ಸಾಲಿಗೆ ತಾಗಿದರೆ ಮುಗಿಯಿತು, ಶಾರ್ಟ್. ಎರಡು ಸಂಜೆ ಇದೇ ಹುಡುಕಾಟದಲ್ಲಿ ಹೋಯಿತು. ಕೊನೆಗೆ ಗಂಟು ಬಿಗಿದು, ಅದರ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಷ್ ಹಚ್ಚಿದೆ. ಲೇಸಿನ ತುದಿ ಬಿಚ್ಚಿಕೊಳ್ಳದ ಹಾಗೆ ನಾವು ಮಾಡುವುದೇ ಅದು. ನಮ್ಮ ಮನೆಯ ನೈಲ್ ಪಾಲಿಷ್ ಬಾಟಲಿ ಆಮೇಲೆ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಹೋಗಿ ಅಲ್ಲೇ ಉಳಿಯಿತು.

ಲ್ಯಾಬಿನಲ್ಲಿ ಒಬ್ಬ ಹುಡುಗ ದಾರಕ್ಕೆ ಸೋಲ್ಡರ್ ಹಾಕಿ ಬೆಸೆಯೋಕೆ ಹೋಗಿ ಸೋತನಂತೆ. ಸ್ಟೀಲಿಗೆ ಮಾಮೂಲಿ ಸೋಲ್ಡರ್ ಹತ್ತುವುದಿಲ್ಲ. ಬೆಳ್ಳಿ ಲೇಪಿಸಿದ ನೈಲಾನ್ ದಾರವಾದರೆ ಕರಗಿಯೇ ಹೋಗುತ್ತೆ. ಹೊಲಿದೇ ಕೂಡಿಸಬೇಕು. ಅದಕ್ಕೆಂದೇ ಹೂವಿನ ಆಕಾರದ ಒಂದು ಬೋರ್ಡ್ ಇದೆ ಅಂತ ಪುಟ್ಟಿ ಫೋನಿನಲ್ಲಿ ತೋರಿಸಿದಳು. ಲಿಲಿಪ್ಯಾಡ್ ಅಂತ ಹೆಸರು. ಎಸಳಿನ ತುದಿಗೆಲ್ಲ ದೊಡ್ಡ ದೊಡ್ಡ ತೂತು, ಸೂಜಿ ಹೋಗುವಂಥದ್ದು. ಅಮೆರಿಕದ ಲಿಯಾ ಬ್ಯೂಕ್ಲಿ ಅನ್ನುವವರು ಮಾಡಿದ್ದು, 2007ರಲ್ಲಿ ಮಾರ್ಕೆಟ್ಟಿಗೆ ಬಂತಂತೆ. ಸೂಜಿ ಹಿಡಿದು ಗೊತ್ತಿರುವವರು ಮಾಡಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ನಮ್ಮ ಹುಡುಗರು ತಂದಿದ್ದು ಅಂಥದ್ದಲ್ಲ, ಎಡಿ 8232 ಅನ್ನುವ ಚಿಪ್ಪಿನ ಕೆಂಪು ಬೋರ್ಡು. ಹೃದಯದಿಂದ ಚರ್ಮಕ್ಕೆ ಬರುವ ಕರೆಂಟು ಒಂದು ಮಿಲಿವೋಲ್ಟ್ ಆಸುಪಾಸು ಅಷ್ಟೇ. ಟಾರ್ಚಿನ ಸೆಲ್ಲಿನ ಸಾವಿರದೈನೂರನೇ ಒಂದು ಪಾಲು. ಅದನ್ನು ಸಾವಿರ ಪಟ್ಟು ದೊಡ್ಡದು ಮಾಡಿ ಕಂಪ್ಯೂಟರಿಗೆ ಕೊಡುವುದು ಆ ಬೋರ್ಡಿನ ಕೆಲಸ. ಅದಕ್ಕೆ ಮೂರು ವೈರು. ನಾನು ಪ್ರತಿ ವೈರಿನ ತುದಿಗೂ ಹೆಣ್ಣು ಬಟನ್, ಬೆಲ್ಟಿಗೆ ಗಂಡು ಬಟನ್ ಹಾಕಿದೆ. ಮೊದಲು ಚೆಂದ ಕಾಣಲಿ ಅಂತ ಕಪ್ಪು ಬಟನ್ ಹಾಕಿದ್ದೆ. ಅದರ ಪೇಂಟ್ ಕರೆಂಟ್ ಬಿಡಲೇ ಇಲ್ಲ. ಕಿತ್ತು, ಪೇಂಟ್ ಇಲ್ಲದ ಬೆಳ್ಳಗಿನ ಲೋಹದ ಬಟನ್ ಹಾಕಬೇಕಾಯಿತು.

ಇನ್ನು ಚರ್ಮಕ್ಕೆ ತಾಗುವ ಜಾಗ. ಅಲ್ಲಿಗೆ ಬೆಳ್ಳಿ ಲೇಪಿಸಿದ ಹೊಸೈರಿ ಬಟ್ಟೆ ಬೇಕು. ಪುಟ್ಟಿ ಆನ್‌ಲೈನಲ್ಲಿ ತರಿಸಿದ್ದ ಕರ್ಚೀಫಿನಷ್ಟು ತುಂಡಿಗೆ ಒಂದು ಒಳ್ಳೇ ಕಾಟನ್ ಸೀರೆಯ ದುಡ್ಡು. ಅದನ್ನು ಕತ್ತರಿಸೋಕೆ ನನಗೇ ಕೈ ನಡುಗಿತು. ಇದನ್ನೆಲ್ಲ ಒಳಗಿನ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ನಮ್ಮ ಅತ್ತೆ ಅಂದರು: "ಬೆಳ್ಳಿ ಬೇಕು ಅಂದ್ರೆ ಅಷ್ಟು ದುಡ್ಡು ಯಾಕ್ ಸುರೀತೀರ? ಸೀರೇಲಿಲ್ವಾ ಬೆಳ್ಳಿ?"

ನಾನೂ ಪುಟ್ಟಿಯೂ ಮುಖ ಮುಖ ನೋಡಿಕೊಂಡೆವು.

ಮೈಸೂರು ಸಿಲ್ಕ್ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿಯನ್ನು ಚಪ್ಪಟೆ ಮಾಡಿ ಸುತ್ತಿ, ಮೇಲೆ ಚಿನ್ನದ ನೀರು ಹಾಯಿಸಿದ್ದು. ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ನಮ್ಮೂರಿನ ಕಾರ್ಖಾನೆಯ ಸೀರೆಯನ್ನು ನಾನು ಅದೆಷ್ಟು ಸಲ ಫಾಲ್ ಹಾಕೋಕೆ ಮಡಿಲಲ್ಲಿ ಹರಡಿಕೊಂಡಿಲ್ಲ! ಅದು ವೈರು ಅಂತ ಒಂದು ದಿನವೂ ತಲೆಗೆ ಬಂದಿರಲಿಲ್ಲ. ಅತ್ತೆಯ ಮದುವೆ ಸೀರೆ ತಂದೆವು. ಅಂಚಿನ ಒಂದು ತುದಿಗೆ ಮಲ್ಟಿಮೀಟರಿನ ಕೆಂಪು ಕಡ್ಡಿ, ಒಂದು ಗೇಣು ಆಚೆಗೆ ಕಪ್ಪು ಕಡ್ಡಿ ಇಟ್ಟಳು ಪುಟ್ಟಿ. ಕರೆಂಟ್ ಹರಿಯುತ್ತೆ ಅಂತ ಅದು ಕುಂಯ್ ಅಂತ ಕೂಗಿತು. ಅತ್ತೆ ಹೆದರಿ, "ಸೀರೆ ಸುಟ್ಟೀಯ ಕಣೇ" ಅಂತ ಎಳೆದುಕೊಂಡರು. ಆಮೇಲೆ ಅವರಿಗೇ ಹುರುಪು ಬಂತು. ಬೀರುವಿನಲ್ಲಿದ್ದ ಸೀರೆಯೆಲ್ಲ ಒಂದೊಂದಾಗಿ ಹೊರಗೆ ಬಂದವು. ಯಾರೋ ನೆಂಟರು "ಅಸಲಿ ಜರಿ" ಅಂತ ಹೇಳಿ ಉಡುಗೊರೆ ಕೊಟ್ಟಿದ್ದ ಸೀರೆ ಕಮಕ್ ಕಿಮಕ್ ಅನ್ನಲಿಲ್ಲ. ಜರಿ ಮೇಲೆ ಮೆರುಗಿನ ಲೇಪ ಇದ್ದರೂ ಕೂಗಲ್ಲ ಅಜ್ಜಿ, ಅದೊಂದರಿಂದ ಸುಳ್ಳು ಅಂತ ಹೇಳೋಕೆ ಬರಲ್ಲ ಅಂತ ಪುಟ್ಟಿ ಸಮಾಧಾನ ಹೇಳಿದಳು. ಅತ್ತೆ ನಂಬಲಿಲ್ಲ. ಆ ನೆಂಟರ ಮಾತು ಬಂದಾಗಲೆಲ್ಲ ಈಗಲೂ ಮಲ್ಟಿಮೀಟರ್ ಕಥೆ ತೆಗೀತಾರೆ.

ಇದು ನಾವೇ ಮೊದಲು ಕಂಡುಹಿಡಿದದ್ದೇನಲ್ಲ. 1997ರ ಸುಮಾರಿಗೇ ಅಮೆರಿಕದ ಎಂಐಟಿ ಅನ್ನುವ ಕಾಲೇಜಿನಲ್ಲಿ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಆರ್ತ್ ಅನ್ನುವವರು ಇಂಥದ್ದೇ ಬಟ್ಟೆ ಹಿಡಿದು ಸರ್ಕ್ಯೂಟ್ ಮಾಡಿದ್ದರಂತೆ. ಉದ್ದಕ್ಕೆ ಬರೀ ರೇಷ್ಮೆ, ಅಡ್ಡಕ್ಕೆ ತಾಮ್ರದ ತಗಡು ಸುತ್ತಿದ ರೇಷ್ಮೆ ಇರುವ ಆರ್ಗಾಂಜಾ. ಮಗ್ಗದ ಮಾತಲ್ಲಿ ಹೇಳುವುದಾದರೆ ಹಾಸು ರೇಷ್ಮೆ, ಹೊಕ್ಕು ಜರಿ.

ನನ್ನ ಹತ್ತಿರ ಹರಿದ ಸೀರೆಗಳ ಜರಿ ಅಂಚಿನ ಚೂರುಗಳ ಒಂದು ಗಂಟೇ ಇದೆ. ಅದರಲ್ಲೊಂದು ತುಂಡು ಬೆಲ್ಟಿಗೆ ಹೊಲಿದು ನೋಡಿದೆವು. ಬಡಿತ ಬಂತು, ಸುಳ್ಳು ಹೇಳಲ್ಲ. ಆದರೆ ಅಂಚು ಗಟ್ಟಿ, ಮೈಗೆ ಅಪ್ಪಿಕೊಳ್ಳುವುದಿಲ್ಲ. ಹತ್ತು ಸಲ ಮಡಿಚಿದರೆ ಚಪ್ಪಟೆ ತಂತಿ ಅಲ್ಲಲ್ಲಿ ಸೀಳುತ್ತೆ. "ನನ್ನೇನು ಉತ್ಸವಮೂರ್ತಿ ಮಾಡ್ತಿದ್ದೀರಾ?" ಅಂತ ನಮ್ಮ ಮನೆಯವರು ತುರಿಸಿಕೊಂಡು ಬೈದರು. ಮತ್ತೆ ಆ ದುಬಾರಿ ಹೊಸೈರಿಗೇ ಬಂದೆವು.

ಮೊದಲ ಸಲ ಸರಿಯಾಗಿ ಕಟ್ಟಿ ನೋಡಿದ ಸಂಜೆ ಚೆನ್ನಾಗಿ ನೆನಪಿದೆ. ಅಂಗಡಿ ಶಟರ್ ಅರ್ಧ ಎಳೆದು, ಇವರನ್ನು ಬನಿಯನ್ ಬಿಚ್ಚಿಸಿ ಕೂರಿಸಿ, ಬೆಲ್ಟ್ ಕಟ್ಟಿದೆವು. ಲ್ಯಾಪ್‌ಟಾಪಿನಲ್ಲಿ ಗೆರೆ ಬರಬೇಕು. ಬಂದದ್ದು ಬರೀ ಆಶ್ಚರ್ಯಸೂಚಕ ಚಿಹ್ನೆ. ಒಂದರ ಕೆಳಗೊಂದು, ಒಂದರ ಕೆಳಗೊಂದು, ನಿಲ್ಲದೆ ಸುರಿಯುತ್ತಿತ್ತು. ವೈರ್ ಮೈಗೆ ತಾಗಿಲ್ಲ ಅಂತ ಬೋರ್ಡಿಗೆ ಅನ್ನಿಸಿದರೆ ಪ್ರೋಗ್ರಾಂ ಆ ಚಿಹ್ನೆ ಬರೆಯುತ್ತೆ. "ನನ್ನ ಎದೆ ನೋಡಿ ಕಂಪ್ಯೂಟರಿಗೇ ಗಾಬರಿ" ಅಂದರು ಇವರು. ಬೆಲ್ಟ್ ಬಿಗಿ ಮಾಡಿದೆ. ಅದೇ. ಇನ್ನೂ ಬಿಗಿ ಮಾಡಿದೆ. ಉಸಿರಾಡೋಕೆ ಆಗಲ್ಲ ಅಂದರು, ಚಿಹ್ನೆ ಮಾತ್ರ ನಿಲ್ಲಲಿಲ್ಲ.

ತೊಂದರೆ ಬಿಗಿಯದ್ದಲ್ಲ, ಒಣ ಚರ್ಮದ್ದು. ಆಸ್ಪತ್ರೆಯ ಸ್ಟಿಕ್ಕರಿನಲ್ಲಿ ಅಂಟಂಟು ಜೆಲ್ ಇರುತ್ತೆ, ಅದರಲ್ಲಿ ಉಪ್ಪು ಇರುತ್ತೆ, ಅದೇ ಕರೆಂಟನ್ನು ಚರ್ಮದಿಂದ ದಾಟಿಸುವುದು. ಬರೀ ಬಟ್ಟೆಗೆ ಅದಿಲ್ಲ. ಇಸಿಜಿ ಮಷೀನು ಮೊದಲು ಬಂದಾಗ ಜೆಲ್ಲೂ ಇರಲಿಲ್ಲವಂತೆ. ಹಾಲೆಂಡಿನ ಐಂಥೋವೆನ್ ಅನ್ನುವ ಡಾಕ್ಟರು ಕೈ ಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿಸಿ ಕೂರಿಸಿ ಹೃದಯದ ಗೆರೆ ತೆಗೆಯುತ್ತಿದ್ದರು. ಅದಕ್ಕೇ 1924ರಲ್ಲಿ ನೊಬೆಲ್ ಬಂತು. ಪುಟ್ಟಿ ಇದನ್ನು ಹೇಳುತ್ತಿದ್ದ ಹಾಗೆಯೇ ನಾನು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೆ ಚಿಟಿಕೆ ಉಪ್ಪು ಹಾಕಿ, ಬೆಳ್ಳಿ ಬಟ್ಟೆಯ ಮೇಲೆ ಪುಸ್ ಪುಸ್ ಅಂತ ಹೊಡೆದೆ. ಮತ್ತೆ ಕಟ್ಟಿದೆವು.

ಆಶ್ಚರ್ಯಸೂಚಕ ನಿಂತಿತು. ಈಗ ಗೆರೆ ಬಂತು, ಆದರೆ ಗೆರೆಯಲ್ಲ, ದಪ್ಪ ಪಟ್ಟಿ. ಪರದೆ ತುಂಬ ಗಿಜಿಗಿಜಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೆ ಅರ್ಧ ಕಡಿಮೆಯಾಯಿತು. ಅದನ್ನು ಸಿಕ್ಕಿಸಲೇಬಾರದಿತ್ತು. ಎದೆಗೆ ತಂತಿ ಕಟ್ಟಿದ ಮನುಷ್ಯನನ್ನು ಯಾವ ದಾರಿಯಲ್ಲೂ ಗೋಡೆಯ ಪ್ಲಗ್ಗಿಗೆ ಸೇರಿಸಬೇಡಿ ಅಂತ ಅವರ ಮೇಷ್ಟ್ರು ಮೊದಲ ದಿನವೇ ಹೇಳಿದ್ದರಂತೆ. ಇವಳು ಮರೆತಿದ್ದಳು. ನಾನು ಬೈದೆ. ಆಮೇಲೆ ಟ್ಯೂಬ್‌ಲೈಟ್ ಆರಿಸಿದೆ. ಪಕ್ಕದ ಮೋಟಾರ್ ಮಷೀನ್, ಇಸ್ತ್ರಿ ಪೆಟ್ಟಿಗೆ, ಎಲ್ಲದರ ಪ್ಲಗ್ ಕಿತ್ತೆ. ಗೋಡೆಯೊಳಗಿನ ಕರೆಂಟು ಸೆಕೆಂಡಿಗೆ 50 ಸಲ ಅಲೆ ಎಬ್ಬಿಸುತ್ತೆ. ನಮ್ಮ ಮೈ ಅದನ್ನು ಆಂಟೆನಾದ ಹಾಗೆ ಹಿಡಿಯುತ್ತೆ. ಒಂದು ಮಿಲಿವೋಲ್ಟಿನ ಹೃದಯ ಆ ಗಲಾಟೆಯಲ್ಲಿ ಎಲ್ಲಿ ಕೇಳಬೇಕು?

ಕತ್ತಲಲ್ಲಿ ಲ್ಯಾಪ್‌ಟಾಪ್ ಬೆಳಕು ಮಾತ್ರ. ಪಟ್ಟಿ ಸಣ್ಣಗಾಗುತ್ತಾ ಗೆರೆಯಾಯಿತು. ಒಂದು ಸಣ್ಣ ಉಬ್ಬು. ತಕ್ಷಣ ಸೂಜಿಮೊನೆ ಹಾಗೆ ಮೇಲೆದ್ದು ಇಳಿಯಿತು. ಆಮೇಲೆ ಒಂದು ಅಗಲವಾದ ಉಬ್ಬು. ಸ್ವಲ್ಪ ಹೊತ್ತು ಸಪಾಟು. ಮತ್ತೆ ಉಬ್ಬು, ಸೂಜಿ, ಉಬ್ಬು. ಯಾರೂ ಮಾತಾಡಲಿಲ್ಲ. ಅತ್ತೆ ಸ್ಟೂಲಿನಿಂದ ಎದ್ದು ಬಂದು ಪರದೆಗೆ ಮುಖ ಹತ್ತಿರ ತಂದು ನೋಡಿದರು. "ಇದು ಇವನದಾ?" ಅಂದರು. ಹೌದು ಅಜ್ಜಿ ಅಂದಳು ಪುಟ್ಟಿ. ಅತ್ತೆ ಬೆರಳಲ್ಲಿ ಪ್ರತಿ ಸೂಜಿಯನ್ನೂ ಮುಟ್ಟುತ್ತಾ ಎಣಿಸೋಕೆ ಶುರು ಮಾಡಿದರು. ಇವರಿಗೆ ಅದೇನಾಯಿತೋ, ಕೆಮ್ಮಿದರು. ಗೆರೆ ಚೆಲ್ಲಾಪಿಲ್ಲಿ.

ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ. ಕೂತರೆ ಬರುವ ಬಡಿತ ಎದ್ದರೆ ಇರಲ್ಲ. ಕೈ ಎತ್ತಿದರೆ ಗೆರೆ ಛಾವಣಿಗೆ ಹೋಗುತ್ತೆ. ಹುಡುಗರು ಪ್ರೋಗ್ರಾಂನಲ್ಲಿ ಫಿಲ್ಟರ್ ಹಾಕ್ತೀವಿ ಅಂದರು. ಹಾಕಿದರು. ಸ್ವಲ್ಪ ಸುಧಾರಿಸಿತು, ಜಾಸ್ತಿ ಏನಿಲ್ಲ. ನನಗೆ ನೋಡಿದ ಕೂಡಲೇ ಕಂಡದ್ದು ಬೇರೆ. ಇದು ಫಿಟಿಂಗ್ ಸಮಸ್ಯೆ. ಬೆಲ್ಟ್ ಜಾರುತ್ತಿದೆ, ಬೆಳ್ಳಿ ಬಟ್ಟೆ ಚರ್ಮದ ಮೇಲೆ ಉಜ್ಜುತ್ತಿದೆ. ಬ್ಲೌಸ್ ಮೇಲಕ್ಕೇರುತ್ತೆ ಅಂತ ಗಿರಾಕಿ ಬಂದು ಹೇಳಿದರೆ ನಾನೇನು ಮಾಡ್ತೀನೋ ಅದನ್ನೇ ಮಾಡಿದೆ. ಎಲ್ಲ ಬಿಚ್ಚಿ, ಮತ್ತೆ ಅಳತೆ ತೆಗೆದೆ.

ಪುಟ್ಟಿ ಇವರ ಎದೆಯ ಅಳತೆ ಒಂದೇ ಬರೆದುಕೊಂಡಿದ್ದಳು, 37 ಇಂಚು. ನಾನು ಟೇಪು ಹಿಡಿದು ಉಸಿರು ಎಳೆಸಿದೆ, 38. ಬಿಡಿಸಿದೆ, ಮೂವತ್ತಾರೂವರೆ. ಮನುಷ್ಯನಿಗೆ ಎದೆಯ ಅಳತೆ ಒಂದೇ ಇರಲ್ಲ ಕಣೇ ಅಂದೆ. ಆ ಒಂದೂವರೆ ಇಂಚು ಎಲ್ಲಿಂದ ಬರಬೇಕು ಅನ್ನುವುದೇ ಪ್ರಶ್ನೆ. ಸುತ್ತಲೂ ಎಲಾಸ್ಟಿಕ್ ಇದ್ದರೆ ಮುಂದಿನ ಭಾಗವೂ ಹಿಗ್ಗಿ ಬೆಳ್ಳಿ ಬಟ್ಟೆಯನ್ನು ಎಳೆದಾಡುತ್ತೆ. ಅದಕ್ಕೆ ಮುಂದುಗಡೆ ಎರಡು ಪದರ ಕಾಟನ್, ಒಳಗೆ ತೆಳು ಕ್ಯಾನ್ವಾಸ್ ಇಟ್ಟು ಹಿಗ್ಗದ ಹಾಗೆ ಮಾಡಿದೆ. ಎಲಾಸ್ಟಿಕ್ಕನ್ನು ಬೆನ್ನಿಗೆ ಮಾತ್ರ ಕೊಟ್ಟೆ. ಕೆಳಗೆ ಜಾರದಿರಲಿ ಅಂತ ಒಂದು ಭುಜದ ಪಟ್ಟಿ. ಆಮೇಲೆ ಎದೆಮೂಳೆಯ ಅಕ್ಕಪಕ್ಕದ ಗುಳಿಯಲ್ಲಿ ಬೆಲ್ಟ್ ಚರ್ಮಕ್ಕೆ ತಾಗುತ್ತಲೇ ಇರಲಿಲ್ಲ, ಸೇತುವೆ ಥರ ಮೇಲಿಂದ ಹಾದುಹೋಗುತ್ತಿತ್ತು. ಬ್ಲೌಸಿಗೆ ಇಡುವ ಕಪ್ ಇರುತ್ತಲ್ಲ, ಆ ಸ್ಪಂಜನ್ನು ರೂಪಾಯಿಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಬೆಳ್ಳಿ ಬಟ್ಟೆಯ ಹಿಂದೆ ಇಟ್ಟು ಹೊಲಿದೆ. ಬೆಲ್ಟ್ ಬಿಗಿ ಮಾಡದೆಯೇ ಅಷ್ಟು ಜಾಗ ಮಾತ್ರ ಮೆತ್ತಗೆ ಒತ್ತಿಕೊಂಡಿತು.

ಇವರು ಎದ್ದು ಅಂಗಡಿಯಲ್ಲಿ ನಾಲ್ಕು ಸುತ್ತು ಓಡಾಡಿದರು. ಗೆರೆ ಸ್ವಲ್ಪ ತೂಗಾಡಿತು, ಸೂಜಿ ಮಾತ್ರ ಒಂದೂ ತಪ್ಪಲಿಲ್ಲ. ಆ ಹುಡುಗರಲ್ಲಿ ಒಬ್ಬ ನನ್ನನ್ನು ಕೇಳಿದ, "ಆಂಟಿ, ಇದನ್ನ ರಿಪೋರ್ಟಲ್ಲಿ ಏನಂತ ಬರೆಯೋದು?" ನನಗೇನು ಗೊತ್ತು. ಬ್ಲೌಸ್ ಕಪ್ ಅಂತ ಬರಿ ಅಂದೆ.

ಇನ್ನೊಂದು ಉಪಕಾರ ಹವೆಯಿಂದ ಆಯಿತು. ಜನವರಿಯ ಚಳಿಯಲ್ಲಿ ಒಣಗಿದ ಚರ್ಮಕ್ಕೆ ಹತ್ತು ನಿಮಿಷಕ್ಕೊಮ್ಮೆ ಉಪ್ಪುನೀರು ಚಿಮುಕಿಸಬೇಕಿತ್ತು. ಮೇಲೆ ಟೆರಿಕಾಟ್ ಶರ್ಟ್ ಹಾಕಿದರೆ ಅದರ ಉಜ್ಜಾಟಕ್ಕೆ ಚಿಟಿಚಿಟಿ ಅಂತ ಸುಳ್ಳು ಸೂಜಿಗಳು ಏಳುತ್ತಿದ್ದವು. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಯಿತು. ಬಿಸಿಲೇರಿದ ಮೇಲೆ ನೀರೇ ಬೇಡ, ಕಟ್ಟಿಕೊಂಡು ಐದು ನಿಮಿಷ ಕೂತರೆ ಬೆವರೇ ಜೆಲ್ಲಿನ ಕೆಲಸ ಮಾಡುತ್ತಿತ್ತು. ಹೋಲ್ಟರ್ ಸ್ಟಿಕ್ಕರನ್ನು ಕಿತ್ತು ಹಾಕಿದ್ದೂ ಅದೇ ಬೆವರು ನೋಡಿ.

ಹೋಲ್ಟರ್ ಅಂದರೆ ಮಷೀನಿನ ಹೆಸರು ಅಂದುಕೊಂಡಿದ್ದೆ. ಮನುಷ್ಯನ ಹೆಸರಂತೆ, ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್. 1940ರ ದಶಕದಲ್ಲಿ ಅವರು ಮಾಡಿದ ಮೊದಲ ಯಂತ್ರ 38 ಕೆಜಿ, ಬೆನ್ನಿಗೆ ಮೂಟೆ ಹಾಗೆ ಹೊರಬೇಕಿತ್ತು. ಇದನ್ನು ಕೇಳಿದ ಮೇಲೆ ನಮ್ಮ ಮನೆಯವರು ಬೆಲ್ಟಿನ ಬಗ್ಗೆ ಗೊಣಗುವುದು ಸ್ವಲ್ಪ ಕಡಿಮೆ ಮಾಡಿದರು.

ಪುಟ್ಟಿಗೆ ಪೂರ್ತಿ ಬನಿಯನ್ನೇ ಮಾಡುವ ಆಸೆ ಇತ್ತು. ನಾನು ಬೇಡ ಅಂದೆ. ಒಂದೊಂದು ಜೋಡಣೆ ದಾಟುವಾಗಲೂ ಸ್ಟೀಲ್ ಹೊಲಿಗೆ ಮಡಿಕೆಯಲ್ಲಿ ಸಿಕ್ಕಿ ಕಡಿಯುತ್ತೆ. ಕಂಕುಳ ಸುತ್ತಳತೆಯಲ್ಲಂತೂ ಕೇಳಲೇಬೇಡಿ. ಆಗ ಅವಳು ಅಮೆರಿಕದ ಕಾಲೇಜು ಜಾರ್ಜಿಯಾ ಟೆಕ್‌ನ ಸುಂದರೇಶನ್ ಜಯರಾಮನ್ ಅವರ ಅಂಗಿಯ ಬಗ್ಗೆ ಹೇಳಿದಳು. 1996ರಲ್ಲಿ ಅಮೆರಿಕದ ನೌಕಾಪಡೆಗಾಗಿ ಶುರುವಾದ ಕೆಲಸ. ಸೈನಿಕನಿಗೆ ಗುಂಡು ತಗುಲಿದರೆ ಎಲ್ಲಿ ಅಂತ ಅಂಗಿಯೇ ಹೇಳಬೇಕು. ಅಂಗಿಯುದ್ದಕ್ಕೂ ಬೆಳಕು ಹರಿಯುವ ಪ್ಲಾಸ್ಟಿಕ್ ಎಳೆ ಸುತ್ತಿಸುತ್ತಿ ಹೋಗುತ್ತೆ, ಗುಂಡು ಹೊಕ್ಕ ಕಡೆ ಬೆಳಕು ಕಡಿಯುತ್ತೆ. ಆ ಎಳೆ ಎಲ್ಲೂ ತುಂಡಾಗಬಾರದು ಅಂತ ಅವರು ಬಟ್ಟೆ ಕತ್ತರಿಸಿ ಹೊಲಿಯುವ ಗೋಜಿಗೇ ಹೋಗದೆ, ಮಗ್ಗದಲ್ಲೇ ಅಂಗಿಯ ಆಕಾರಕ್ಕೆ ನೇಯ್ದುಬಿಟ್ಟರಂತೆ. ಕಂಕುಳದ ಹತ್ತಿರವೂ ಜೋಡಣೆ ಇಲ್ಲ. ನನಗೆ ಆ ಅಂಗಿಯನ್ನು ಒಮ್ಮೆ ಮುಟ್ಟಿ ನೋಡಬೇಕು ಅನ್ನಿಸಿತು. ಟೈಲರುಗಳ ಕೆಲಸ ಹೋಗುತ್ತಲ್ಲ ಅಂತಲೂ ಅನ್ನಿಸಿತು.

ಒಗೆಯುವುದರಲ್ಲಿ ನಾನೇ ಒಂದು ಅನಾಹುತ ಮಾಡಿದೆ. ಬೋರ್ಡನ್ನು ಬಟನ್ ಬಿಚ್ಚಿ ತೆಗೆದಿಟ್ಟು, ಬೆಲ್ಟನ್ನು ಬರೀ ಕೈಯಲ್ಲಿ, ಸ್ವಲ್ಪ ಸೋಪುಪುಡಿಯಲ್ಲಿ ಒಗೆದು ನೆರಳಲ್ಲಿ ಒಣಗಿಸುತ್ತಿದ್ದೆ. ಐದಾರು ಸಲ ಏನೂ ಆಗಲಿಲ್ಲ. ಒಂದು ಭಾನುವಾರ ಮರೆತು ಬಿಳಿ ಬಟ್ಟೆಗಳ ಜೊತೆ ಬ್ಲೀಚ್ ಹಾಕಿದ ಬಕೆಟ್ಟಿನಲ್ಲಿ ನೆನೆಸಿಬಿಟ್ಟೆ. ತೆಗೆದಾಗ ಬೆಳ್ಳಿ ಬಟ್ಟೆ ಹಳೇ ಕಾಲುಗೆಜ್ಜೆಯ ಹಾಗೆ ಕಪ್ಪು ಕಂದು ಬಣ್ಣಕ್ಕೆ ತಿರುಗಿತ್ತು. ಮಲ್ಟಿಮೀಟರ್ ಇಟ್ಟರೆ ಸದ್ದಿಲ್ಲ. ಕಾಲುಗೆಜ್ಜೆಯಾದರೆ ವಿಭೂತಿ ಹಾಕಿ ಉಜ್ಜಬಹುದು. ಇದರಲ್ಲಿ ಬೆಳ್ಳಿ ಇದ್ದದ್ದೇ ಒಂದು ಸವರು, ಉಜ್ಜಿದರೆ ಅದೂ ಹೋಗುತ್ತೆ. ವೈವಾಗೆ ಇನ್ನು ಎಂಟೇ ದಿನ. ಆ ಕರ್ಚೀಫಿನಷ್ಟು ತುಂಡಿನಲ್ಲಿ ಉಳಿದಿದ್ದ ಚೂರನ್ನೆಲ್ಲ ಸೇರಿಸಿ ರಾತ್ರಿ ಒಂದು ಗಂಟೆಯವರೆಗೆ ಕೂತು ಹೊಸದು ಮಾಡಿದೆ. ಪುಟ್ಟಿಗೆ ಹೇಳಲೇ ಇಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಕೇಳಿದ್ದು, ಇದು ಎಷ್ಟು ಸರಿ ಅಂತ. ನಮ್ಮ ಮನೆಯವರು ಕೂತಿದ್ದಾಗ ಪುಟ್ಟಿಯ ಗುಂಪಿನವರು ಬೆಲ್ಟಿನ ಲೆಕ್ಕವನ್ನೂ ಬೆರಳಿಗೆ ಹಾಕುವ ಆಕ್ಸಿಮೀಟರ್ ಲೆಕ್ಕವನ್ನೂ ಪಕ್ಕಪಕ್ಕ ಬರೆದಿದ್ದರು. ಒಂದೆರಡು ಬಡಿತದ ವ್ಯತ್ಯಾಸ ಅಷ್ಟೇ. ಮೆಟ್ಟಿಲು ಹತ್ತಿ ಇಳಿದಾಗಿನ ಲೆಕ್ಕ ಮಾತ್ರ ಎಲ್ಲೋ ಇತ್ತು. ಅದನ್ನೂ ಮುಚ್ಚಿಡದೆ ಬರೆದಿದ್ದಳು ಪುಟ್ಟಿ, ಅದು ನನಗೆ ಇಷ್ಟವಾಯಿತು. ಇವರನ್ನು ನೋಡುವ ಡಾಕ್ಟರಿಗೂ ಗೆರೆ ತೋರಿಸಿದೆವು. ಚೆನ್ನಾಗಿದೆ, ಬಡಿತ ಎಣಿಸೋಕೆ ಅಡ್ಡಿಯಿಲ್ಲ. ಆದರೆ ಇದನ್ನ ನೋಡಿ ಕಾಯಿಲೆ ಇದೆ, ಇಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ, ಎದೆ ಹೊಡೆದುಕೊಂಡರೆ ನನ್ನ ಹತ್ತಿರ ಬನ್ನಿ ಅಂದರು.

ಅವರ ಕ್ಲಿನಿಕ್ಕಿನಿಂದ ಆಟೋದಲ್ಲಿ ಬರುವಾಗ ನನಗೆ ಒಂದು ಹೊಳೆಯಿತು. ಇಷ್ಟು ದಿನ ಗಂಡಸಿನ ಎದೆಗೆ ಬೆಲ್ಟ್ ನಿಲ್ಲಿಸೋಕೆ ಒದ್ದಾಡಿದೆವಲ್ಲ. ಎದೆಯ ಕೆಳಗೆ, ಪಕ್ಕೆಲುಬಿನ ಮೇಲೆ ಬಿಗಿಯಾಗಿ ಕೂತು, ದಿನವಿಡೀ ಜಾರದೆ, ಬೆವರು ಹಿಡಿದುಕೊಂಡು ಇರುವ ಬಟ್ಟೆಯನ್ನು ನಾನು 26 ವರ್ಷದಿಂದ ಹೊಲಿಯುತ್ತಿದ್ದೀನಿ. ಬ್ಲೌಸಿನ ಕೆಳಪಟ್ಟಿ! ಬೆಳ್ಳಿ ಬಟ್ಟೆ ಕೂರಬೇಕಾದ ಜಾಗವೂ ಅದೇ. ಕಪ್ ಇಡೋಕೆ ಲೈನಿಂಗ್ ಇದ್ದೇ ಇರುತ್ತೆ. ಸ್ಟೀಲ್ ಹೊಲಿಗೆಯನ್ನು ಆ ಪಟ್ಟಿಯೊಳಗೇ ಓಡಿಸಿದರೆ ಕಂಕುಳದ ತಂಟೆಯೂ ಇಲ್ಲ. ತೊಡಕು ಇರುವುದು ಮುಂದಿನ ಹುಕ್ಕಿನ ಹತ್ತಿರ. ಅಲ್ಲಿ ಪಟ್ಟಿ ಎರಡಾಗುತ್ತೆ. ಹುಕ್ಕು ತೆಗೆದು ಟಿಚ್ ಬಟನ್ ಹಾಕಿದರೆ ಕರೆಂಟೂ ದಾಟುತ್ತೆ ಅಲ್ವಾ? ಪುಟ್ಟಿಗೆ ಫೋನ್ ಮಾಡಿದೆ. ಅವಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ರಜೆಗೆ ಬರ್ತೀನಿ, ಅಷ್ಟರಲ್ಲಿ ಒಂದು ಹೊಲಿದಿಡಿ ಅಂದಳು. ಹೊಸ ರೀಲು ಕೊರಿಯರಿನಲ್ಲಿ ಬಂದಿದೆ.

ಮೊನ್ನೆ ಅತ್ತೆಯನ್ನು ಕೂರಿಸಿ ಅಳತೆ ತೆಗೆದೆ. ಉಸಿರು ಎಳೆಯಿರಿ ಅಂದರೆ ಹೊಟ್ಟೆ ಎಳೆದುಕೊಂಡರು. ಬಿಡಿ ಅಂದರೆ ಮಾತು ಬಿಟ್ಟರು. ಉಸಿರು ಬಿಟ್ಟಾಗ 33, ಎಳೆದಾಗ 34 ಅಂತ ಬರೆದುಕೊಂಡೆ. ಬೆಳ್ಳಿ ಬಟ್ಟೆ ಎಲ್ಲಿ ಬರುತ್ತೆ, ಬೋರ್ಡ್ ಇಡೋಕೆ ಬೆನ್ನಲ್ಲಿ ಜೇಬು ಕೊಡಲೋ ಸೊಂಟದಲ್ಲೋ, ಎಲ್ಲ ವಿವರವಾಗಿ ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿ ಕೇಳಿಸಿಕೊಂಡರು.

"ಅದೆಲ್ಲ ಸರಿ ಕಣಮ್ಮ" ಅಂದರು. "ತೋಳು ಮೊಣಕೈವರೆಗೂ ಇಡು. ಹೋದ್ಸಲ ಗಿಡ್ಡ ಮಾಡ್ಬಿಟ್ಟಿದ್ದೆ."